ದಕಾರಕ್ಕೂ ಡಕಾರಕ್ಕೂ ನಡುವೆ

ನನ್ನ ಅತ್ತಿಗೆಯ ಮನೆಮಾತು ಙಾಜು. ಬೋರ್ನಿಯೋ ದ್ವೀಪದ ನದಿ ದಂಡೆಗಳಲ್ಲಿ ಆಡುವ ಭಾಷೆ. ಆ ಹೆಸರಿಗೆ ಅರ್ಥವೇ ಹೊಳೆ ಹರಿದು ಬರುವ ಕಡೆ ಎಂದು. ಕೊಯಮತ್ತೂರಿನ ಪಂಪುಗಳನ್ನು ಅಳವಡಿಸಲು ಅಲ್ಲಿಗೆ ಹೋದ ಅಣ್ಣ ಅಲ್ಲೇ ಮದುವೆಯಾಗಿ, ಕೆಲವು ವರ್ಷಗಳ ಮೇಲೆ ಹೆಂಡತಿಯನ್ನು ತಮಿಳುನಾಡಿನ ನಮ್ಮೂರು ಸಿರುಮುಗೈಗೆ ಕರೆತಂದ. ನಾವು ಅಲ್ಲಿಯ ಕನ್ನಡ ಮನೆಮಾತಿನ ನೇಕಾರರು.

ನಾನು ಐದನೆಯ ತರಗತಿಗೇ ಶಾಲೆ ಬಿಟ್ಟು ಮಗ್ಗಕ್ಕೆ ಇಳಿದವನು. ಆದರೂ ಆ ಭಾಷೆಯ ದನಿಗಳ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ. ಶಾಲೆಯಲ್ಲಿ ಙ ಅಕ್ಷರವನ್ನು ತಿದ್ದಿದ್ದೆವು. ಅದರಿಂದ ಶುರುವಾಗುವ ಮಾತೊಂದೂ ಸಿಕ್ಕಿರಲಿಲ್ಲ. ಅತ್ತಿಗೆಯ ಭಾಷೆಯಲ್ಲಿ ಅದು ಮಾತಿನ ಮೊದಲಲ್ಲೇ ಕೂತಿರುತ್ತದೆ. ಖ, ಘ ಅವರಿಗಿಲ್ಲ. ನಮ್ಮ ಮನೆಯ ಕನ್ನಡದಲ್ಲೂ ಎಲ್ಲಿವೆ? ಅವರಲ್ಲಿ ಳ ಇಲ್ಲ. ದ ಬೇರೆ, ಡ ಬೇರೆ ಎಂದೂ ಇಲ್ಲ. ಇರುವುದು ಒಂದೇ, ಅವೆರಡರ ನಡುವಿನದು.

ಆ ಒಂದರಲ್ಲೇ ನಾನು ಎಡವಿದೆ.

ಅವರು ಬಂದ ಮೂರನೆಯ ದಿನ. ಪಕ್ಕದ ಮನೆಯ ಅಕ್ಕ ನಮ್ಮಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಅತ್ತಿಗೆ ಟೀ ತಂದು ನನ್ನ ಕೈಗಿಟ್ಟು, ನಗುತ್ತ "ಅಂದಿ" ಎಂದರು. ನನಗೆ ಕೇಳಿದ್ದು ಆಂಡಿ. ತಮಿಳಿನಲ್ಲಿ ಹಾಗೆಂದರೆ ಮೈಮೇಲೆ ಕೌಪೀನ ಬಿಟ್ಟು ಏನೂ ಇಲ್ಲದ ಭಿಕ್ಷುಕ.

"ಅಡೇ, ಬಂದ ಮೂರ್ ದಿನಕ್ಕೇ ನಿನ್ ಆಸ್ತಿ ಎಷ್ಟೂಂತ ಅಳ್ದುಬುಟ್ಳಲ್ಲ!" ಎಂದು ಅಕ್ಕ ನಕ್ಕಳು.

ನಾನು ಲೋಟ ಕುಕ್ಕಿದೆ. "ಯಾರ್ನ ಆಂಡಿ ಅಂತೀರಿ? ನೇಯ್ದು ತಿನ್ನೋನು ನಾನು. ನಿಮ್ಮನೆ ಬಾಗ್ಲಿಗೆ ಬಂದಿದ್ನಾ?"

ಅತ್ತಿಗೆಗೆ ಮಾತು ತಿಳಿಯಲಿಲ್ಲ, ಸಿಟ್ಟು ತಿಳಿಯಿತು. ಸಂಜೆ ಅಣ್ಣ ಹೇಳಿದ: "ಲೇ, ಅವ್ರಲ್ಲಿ ಹಂಗಂದ್ರೆ ಒಡಹುಟ್ಟಿದ ಚಿಕ್ಕೋನು. ನಿನ್ನ ಹಂಗೆ ಕರೀಲಾ ಅಂತ ಎರಡು ದಿನದಿಂದ ನನ್ನ ಕೇಳ್ತಿದ್ಲು ಕಣೋ."

ಆಗಲೇ ಎದ್ದು ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಎನ್ನಲಿಲ್ಲ. ಪಕ್ಕದ ಮನೆಯವಳ ಮುಂದೆ ನಗೆಪಾಟಲಾದದ್ದೇ ನನಗೆ ದೊಡ್ಡದಾಗಿತ್ತು. ಒಂದು ತಿಂಗಳು ಅತ್ತಿಗೆ ನನ್ನೊಡನೆ ಕೈಸನ್ನೆಯಲ್ಲೇ ಮಾತಾಡಿದರು. ಅವರು ಫೋನಿನಲ್ಲಿ ತವರಿನವರೊಡನೆ ಮಾತಾಡುವಾಗ ಮಾತ್ರ ನಾನು ಮಗ್ಗ ನಿಲ್ಲಿಸಿ ಕೇಳುತ್ತಿದ್ದೆ. ಮೇಲೆ ಹೇಳಿದ್ದೆಲ್ಲ ಹಾಗೆ ಕಲಿತದ್ದು.

ಕೊನೆಗೊಂದು ದಿನ ಅವರ ಎದುರು ನಿಂತು, "ಅತ್ತಿಗೆ, ತಪ್ಪು ನಂದು. ನೀವು ಹಂಗೇ ಕರೀರಿ" ಎಂದೆ.

ಅವರು ನಕ್ಕರು, ಮನ್ನಿಸಿದರು ಕೂಡ. ಈಗ ನಮ್ಮ ಬೀದಿಯವರಂತೆಯೇ ಮಾತಾಡುತ್ತಾರೆ. ನನ್ನನ್ನು ಕರೆಯುವುದು ತಂಬಿ ಎಂದು, ಅಂದರೆ ತಮ್ಮ. ಒಳ್ಳೆಯ ತಮಿಳು ಮಾತು, ಯಾರ ಕಿವಿಗೂ ತಪ್ಪಾಗಿ ಬೀಳದು. ಆ ಇನ್ನೊಂದನ್ನು ಅವರು ತವರಿನ ತಮ್ಮನಿಗೆ ಮಾತ್ರ ಇಟ್ಟುಕೊಂಡಿದ್ದಾರೆ.