ಶಿರಾದ ಬೂದಿಯ ಬೆನ್ನು ಹತ್ತಿ

ಕೊರಟಗೆರೆಯ ಮೊದಲ ಬಸ್ಸಿಗೆ ನಾವು ಮಧುಗಿರಿ ಬಿಟ್ಟಾಗ ಪುಟ್ಟತಾಯಮ್ಮನ ಮಡಿಲಲ್ಲಿ ಬುತ್ತಿಯ ಗಂಟು, ನನ್ನ ಮಡಿಲಲ್ಲಿ ಬಿಸ್ಕತ್ತಿನ ಖಾಲಿ ಡಬ್ಬ. ಎಂಬತ್ತರ ದಶಕದ ಒಂದು ಮೇ ತಿಂಗಳು. ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಆಕೆ ಊರಿನ ಪೂರ್ವದಂಚಿನಲ್ಲಿ ಇಟ್ಟಿಗೆ ಸುಡುವವಳು. ಮಾಳಿಗೆಗಳ ಮೇಲೆ ಬೀಳುವ ಕರಿ ಧೂಳೆಲ್ಲ ಅವಳ ಗೂಡಿನದೇ ಎಂದು ಪೇಟೆಯ ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ಒಂದು ಗೂಡು ಉರಿಯುತ್ತಿತ್ತು. ಜೋಡಿಸಿಟ್ಟ ಇನ್ನೊಂದಕ್ಕೆ ಬೆಂಕಿ ಹಾಕಕೂಡದು ಎಂದರು. ಒಂದು ಮಳೆ ಬಿದ್ದರೆ ಆ ಹಸಿ ಇಟ್ಟಿಗೆಯಷ್ಟೂ ಮಣ್ಣುಪಾಲು.

ನನಗೆ ಸುಮ್ಮನಿರುವ ಬುದ್ಧಿ ಎಂದೂ ಇಲ್ಲ. ಮೇ ತಿಂಗಳ ಗಾಳಿ ಪಡುವಣದ್ದು, ಗೂಡಿನ ಹೊಗೆ ಊರಿಗೆ ಬೆನ್ನು ತಿರುಗಿಸಿ ಹೋಗುತ್ತದೆ ಎಂದೆ. ಗಾಳಿಯ ವೇಗ, ಸಣ್ಣ ಕಣ ಕೆಳಗಿಳಿಯುವ ವೇಗ, ಅದು ಅಕ್ಕಪಕ್ಕಕ್ಕೆ ಹರಡುವ ಅಗಲ, ಇಷ್ಟನ್ನೂ ಲೆಕ್ಕ ಹಾಕಿ ಗ್ರಾಫ್ ಹಾಳೆಯಲ್ಲಿ ಬರೆದರೆ ಬೀಸಣಿಗೆಯ ಆಕಾರ ಬರುತ್ತಿತ್ತು. ಅದರ ಹಿಡಿ ಶಿರಾದ ಕಡೆ ಹೊಟ್ಟು ಸುಡುವ ಅಕ್ಕಿ ಗಿರಣಿಯ ಮೇಲೆ, ಅಂಚು ನಮ್ಮೂರಿನ ಮೇಲೆ.

ಹಿರಿಯರ ಮುಂದಾಳು, ಕಂದಾಯ ಇಲಾಖೆಯ ನಿವೃತ್ತ ಶೇಕದಾರರು, ನಕ್ಕೇಬಿಟ್ಟರು. "ಅಷ್ಟು ದೂರದಿಂದ ಬೂದಿ ಏನು ಬಸ್ಸು ಹತ್ತಿ ಬರುತ್ತೇನಮ್ಮಾ?"

ನಾನು ನಮ್ಮೂರು, ಸುತ್ತಿನ ಮೂರು ಊರು, ಒಟ್ಟು ನಾಲ್ಕು ಊರಿನ ಮಾಳಿಗೆಗಳ ಮೇಲೆ ಹರಳೆಣ್ಣೆ ಸವರಿದ ಗಾಜಿನ ಚೂರು ಇಟ್ಟು ಬಂದೆ. ಏನು ಸಿಗಬೇಕೆಂದು ಮೊದಲೇ ಬರೆದು, ಲಕೋಟೆಗೆ ಅಂಟು ಹಚ್ಚಿ ಅವರ ಕೈಗೇ ಕೊಟ್ಟೆ: ಹೊಟ್ಟಿನ ಬೂದಿ ಶಿರಾದಲ್ಲಿ ತುಂಬ, ಮಧುಗಿರಿಯಲ್ಲಿ ಸ್ವಲ್ಪ, ಕೊರಟಗೆರೆ ಪಾವಗಡಗಳಲ್ಲಿ ಇಲ್ಲ. ನಾಲ್ಕೂ ಸರಿಬಂದರೆ ಗೂಡಿಗೆ ಬೆಂಕಿ, ಒಂದು ತಪ್ಪಿದರೂ ಇಲ್ಲ ಎಂದು ಮಾತಾಯಿತು. ಐದನೆಯ ದಿನ ಆ ಬಿಸ್ಕತ್ತಿನ ಡಬ್ಬದಲ್ಲಿ ಗಾಜು ತರಲು ಹೊರಟಿದ್ದೆವು.

ಬಸ್ಸಿನಲ್ಲಿ ಪುಟ್ಟತಾಯಮ್ಮನಿಗೆ ನನ್ನ ಬೀಸಣಿಗೆಯನ್ನು ವಿವರಿಸಿದೆ. ಎಲ್ಲ ಕೇಳಿ ಅವಳೆಂದಳು: "ತೂರುವಾಗ ಕಾಳು ಕಾಲ್ತಾವೇ ಬೀಳ್ತದೆ, ದೂಳು ಪಕ್ಕದ್ಮನೆಗೆ ಓಯ್ತದೆ. ಇದ್ಕೆ ಅಷ್ಟೊಂದು ಹಾಳೆ ಯಾಕೆ ಬರೆದ್ರಿ ಟೀಚರಮ್ಮ?" ನಾನು ಹಾಳೆ ಮಡಿಚಿಟ್ಟೆ.

ಕೊರಟಗೆರೆಯ ಗಾಜಿನಲ್ಲಿ ಬರೀ ಕೆಂಪು ಮಣ್ಣು. ಅಲ್ಲೇ ಇಡ್ಲಿ ತಿಂದು, ಮಧುಗಿರಿಗೆ ಮರಳಿ, ಶಿರಾ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಎದುರುಗಾಳಿ, ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಬಾಯೆಲ್ಲ ಧೂಳು. ಶಿರಾದಲ್ಲಿ ಗಾಜು ಕಾಯುತ್ತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ ಶಾಹೀನಾ. "ಬೈಠೋ ಮೇಡಂ, ಮೊದ್ಲು ಚಾಯ್. ನಿಮ್ಮ ಗಾಜು ಪೂರಾ ಕಾಲಾ ಆಗೈತೆ," ಎಂದಳು. ಕಾಡಿಗೆಯಂತೆ ಕಪ್ಪಾಗಿದ್ದ ಅದನ್ನು ಕಂಡು ನಾನು ಚಾಯ್ ಮರೆತೆ.

ಎರಡನೆಯ ದಿನ ಪಾವಗಡ. ಇಬ್ಬರಿಗೂ ಸೇರಿ ಹನ್ನೆರಡು ರೂಪಾಯಿ ಟಿಕೆಟ್ಟು, ಬೆನ್ನು ಮುರಿಯುವ ರಸ್ತೆ. ನಮ್ಮ ಶಾಲೆಯ ಗುಮಾಸ್ತರ ಅಕ್ಕ ವೆಂಕಟಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದರು. "ರಾಮ್ಮಾ ರಾ! ನಿಮ್ ಗಾಜು ಜಿಡ್ಡು ಜಿಡ್ಡಾಗಿತ್ತಲ್ಲಾ, ಇವತ್ತು ಸೀಗೇಪುಡಿ ಹಾಕಿ ತಿಕ್ಕಿಟ್ಟಿವ್ನಿ. ಚೂಡಮ್ಮಾ, ಎಂಗೆ ಮಿರಮಿರ ಅಂತೈತೆ!"

ಗಾಜು ಕನ್ನಡಿಯಂತೆ ಹೊಳೆಯುತ್ತಿತ್ತು. ನಾನು ಬರೆದುಕೊಟ್ಟಂತೆ ಬೂದಿಯ ಸುಳಿವೂ ಇಲ್ಲ! ಆದರೆ ತೊಳೆದ ಗಾಜಿಗೆ ಮೂರು ಕಾಸಿನ ಬೆಲೆಯಿಲ್ಲ.

"ಶುದ್ಧವಾಗೇ ಐತಲ್ಲ, ಇದ್ನೇ ತೋರ್ಸಿಬುಡಿ," ಎಂದಳು ಪುಟ್ಟತಾಯಮ್ಮ ಮೆಲ್ಲಗೆ.

"ಆಗಲ್ಲ ಕಣಮ್ಮ. ಸುಳ್ಳಾಗುತ್ತೆ," ಎಂದೆ. ಅವಳ ಮುಖ ಬಾಡಿತು. ನನಗೂ ಅಳು ಬಂದಿತ್ತು.

ಪಾಪ, ಏನೂ ತಿಳಿಯದ ಆ ಅಮ್ಮ ಊಟಕ್ಕೆ ಎಲೆ ಹಾಕಿದರು. ಮುದ್ದೆ, ಕಡಲೆಕಾಯಿ ಚಟ್ನಿ, ಜೊತೆಗೆ ಕರಿದ ಸಂಡಿಗೆ. ಅದು ಮಲ್ಲಿಗೆಯಷ್ಟು ಬಿಳಿ. ಕೈ ತಡೆದು ಕೇಳಿದೆ: "ಇದನ್ನ ಎಲ್ಲಿ ಒಣಗಿಸಿದ್ರಿ?"

"ಮಾಳಿಗೆ ಮ್ಯಾಲೆ. ನೀವು ಗಾಜಿಟ್ಟು ಹೋದ್ರಲ್ಲ, ಅವತ್ತೇ ಪಕ್ಕದಾಗೆ ಹಾಕಿದ್ದು. ಮಿಕ್ಕಿದ್ದು ಇನ್ನೂ ಅಲ್ಲೇ ಐತೆ."

ಎಲೆ ಬಿಟ್ಟೆದ್ದು ಮೆಟ್ಟಿಲು ಹತ್ತಿದೆ. ಬಟ್ಟೆಯ ಮೇಲೆ ಅದೇ ಗಾಳಿ, ಅದೇ ಬಿಸಿಲು, ಅಷ್ಟೇ ದಿನ ಕಂಡ ಸಂಡಿಗೆ! ಹಾಕಿದಾಗ ಗಂಜಿಯಂತೆ ಅಂಟುವ ಅದಕ್ಕಿಂತ ಒಳ್ಳೆಯ ಗಾಜು ಬೇಕೆ? ಬಟ್ಟೆ ಸಮೇತ ಮಡಿಚಿಕೊಂಡೆ.

ಸಂಜೆ ಶಾಲೆಯಲ್ಲಿ ಹಿರಿಯರೆಲ್ಲ ಸೇರಿದರು. ಹೊಟ್ಟಿನ ಬೂದಿಯನ್ನು ಸೂಕ್ಷ್ಮದರ್ಶಕದಡಿ ಯಾರು ಬೇಕಾದರೂ ಗುರುತಿಸಬಹುದು. ಜೋಳದ ತೆನೆಯಂತೆ ಸಾಲು ಸಾಲು ಉಬ್ಬು. ಪುಟ್ಟತಾಯಮ್ಮ ಸುಡುವುದು ಬರೀ ಜಾಲಿ ಸೌದೆ, ನಮ್ಮೂರಿನ ಗಿರಣಿಯೋ ಕರೆಂಟಿನದು. ಶಿರಾದ ಗಾಜಿನ ತುಂಬ ತೆನೆ. ಮಧುಗಿರಿಯದರಲ್ಲೂ ಅಲ್ಲಲ್ಲಿ ತೆನೆ. ಕೊರಟಗೆರೆಯದರಲ್ಲಿ ಇಲ್ಲ. ಪಾವಗಡದ ಗಾಜು ತೊಳೆದುಹೋಗಿದೆ ಎಂದು ಒಪ್ಪಿಕೊಂಡು ಸಂಡಿಗೆಯನ್ನು ಮುಂದಿಟ್ಟೆ.

ಶೇಕದಾರರು ನಗಲಿಲ್ಲ. ತಮ್ಮ ಮನೆಯ ಮಾಳಿಗೆಯಲ್ಲಿ ಒಣಗಿದ್ದ ಸಂಡಿಗೆಯನ್ನೂ ತರಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. "ನಮ್ಮದರಲ್ಲಿ ತೆನೆ ಇದೆ, ಅವರದರಲ್ಲಿ ಇಲ್ಲ," ಎಂದರು. ಆಮೇಲೆ ಲಕೋಟೆ ಒಡೆದು ಗಟ್ಟಿಯಾಗಿ ಓದಿದರು. ನಾಲ್ಕಕ್ಕೆ ನಾಲ್ಕು! ಬಿ.ಎಸ್ಸಿ. ಪಾಸಾದ ದಿನವೂ ನನಗೆ ಅಷ್ಟು ಹಿಗ್ಗಾಗಿರಲಿಲ್ಲ.

"ಬೆಂಕಿ ನೀವೇ ಇಕ್ಬೇಕು ಸ್ವಾಮಿ," ಎಂದು ಪುಟ್ಟತಾಯಮ್ಮ ಪಟ್ಟು ಹಿಡಿದಳು. ಮಾರನೆಯ ಬೆಳಿಗ್ಗೆ ಶೇಕದಾರರು ಪಂಚೆ ಎತ್ತಿಕಟ್ಟಿ ಬಂದು ಕಡ್ಡಿ ಗೀರಿದರು. ಹೊಗೆ ಎದ್ದು, ಒಮ್ಮೆ ತೂಗಾಡಿ, ಊರನ್ನು ಬಿಟ್ಟು ಮೂಡಲಿಗೆ ಬಾಗಿತು. ಸೇರಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಪುಟ್ಟತಾಯಮ್ಮ ಮಾತ್ರ ಹೊಗೆ ಹೋದತ್ತಲೇ ನೋಡುತ್ತ ನನ್ನ ಸೆರಗೆಳೆದಳು.

"ಅಲ್ಲ ಟೀಚರಮ್ಮ, ಇದು ಈಗ ಯಾರ ಸಂಡಿಗೆ ಮ್ಯಾಲೆ ಬೀಳ್ತದೆ?"

"ಕೊಡಿಗೇನಹಳ್ಳಿ ಕಡೆ ಇರಬೇಕು," ಎಂದೆ.

"ಅಯ್ಯೋ, ಅಲ್ಲಿ ನಮ್ಮ ನಾದಿನಿ ಅವ್ಳೆ! ದಮ್ಮಯ್ಯ, ಅಲ್ಲಿಗೆ ಮಾತ್ರ ಗಾಜು ತಕ್ಕೊಂಡು ಹೋಗ್ಬ್ಯಾಡಿ."