ಗೋಡೆಯಾಚೆಯ ರಿಮೋಟು

ಮೊನ್ನೆ ಅಥಣಿಯ ನನ್ನ ಬಾಡಿಗೆ ಮನೆಯಲ್ಲಿ ನೀರಿನ ಪೈಪು ಒಡೆಯಿತು. ರಿಪೇರಿಗೆ ಬಂದವನು ಪೈಪಿಗೆ ಹಚ್ಚುವ ಗಮ್ಮಿನ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಮೂಗಿನಿಂದ ನೇರ ನೆತ್ತಿಗೆ ಏರುವ ಆ ವಾಸನೆ ಮನೆತುಂಬ ಹರಡಿತು. ನಾನು ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಚಿಕ್ಕಂದಿನ ಶೇಡಬಾಳದ ನಮ್ಮ ಪಡಸಾಲೆಗೆ ಹೋಗಿ ನಿಂತೆ. ಅಲ್ಲಿ ಎಲ್ಲರೂ ಇದ್ದರು. ಅಪ್ಪನ ಅವ್ವ, ನಮ್ಮ ಆಯಿ, ಕಂಬಕ್ಕೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತಿದ್ದಳು. ಅವ್ವ ಮತ್ತು ಕಾಕಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು. ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಮಂಡಿಯೂರಿ ಕೂತಿದ್ದರು. ಅವರಿಬ್ಬರ ನಡುವೆ ಬಿಳಿ ಫೋಮಿನ ಒಂದು ಜೆಟ್ ವಿಮಾನ, ಉದ್ದಕ್ಕೆ ಸೀಳಿದ ಸೌತೆಕಾಯಿಯ ಹಾಗೆ ಎರಡು ಹೋಳಾಗಿ ಬಿದ್ದಿತ್ತು. ಅದರ ಮೇಲೆ ಬಗ್ಗಿದ ಎರಡು ತಲೆಗಳಲ್ಲಿ ಒಂದು ನನ್ನದು, ಇನ್ನೊಂದು ಕಾಕಾನ ಮಗಳು ಪದ್ದಕ್ಕನದು. ಮನೆಯಲ್ಲಿ ಮಕ್ಕಳೆಂದರೆ ನಾವಿಬ್ಬರೇ. ಶಾಲೆಯಲ್ಲಿ ಅವಳು ನನಗಿಂತ ಒಂದು ಇಯತ್ತೆ ಮುಂದೆ.

ಕಬ್ಬಿಗೆ ಡ್ರಿಪ್ ಹಾಕಿಸುವ ಸಾಮಾನು ತರಲು ಪುಣೆಗೆ ಹೋದ ಕಾಕಾ, ಪೈಪಿನ ಸುರುಳಿಯ ಜೊತೆಗೆ ಬಗಲಲ್ಲಿ ಈ ವಿಮಾನದ ಡಬ್ಬಿಯನ್ನೂ ಇಟ್ಟುಕೊಂಡು ಬಂದಿದ್ದ. ಒಳಗೆ ಫೋಮಿನ ರೆಕ್ಕೆ, ಬಾಲ, ಬೆರಳಿನ ಗಾತ್ರದ ಪುಟ್ಟ ಮೋಟಾರುಗಳು, ಹೊಟ್ಟೆಯೊಳಗೆ ಕೂರುವ ಪಂಖಾ, ಬ್ಯಾಟರಿ, ಎರಡು ಕಡ್ಡಿಯ ರಿಮೋಟು. "ಪೈಪ್ ತರಾಕ ಹೋಗಿ ಇಮಾನ ತಂದಾನ ನೋಡ ನನ್ನ ಮಗ," ಅಂದಳು ಆಯಿ. "ಕೂಡ್ರಾಕ ಜಾಗಾ ಐತೇನೋ ಅದರಾಗ?"

"ಐತಿ ಬೇ. ಮೊದಲ ನಿನ್ನನ್ನ ಕೂಡಸ್ತೇವಿ."

"ಶ್ರವಣಬೆಳಗೊಳಕ್ಕ ಹೋಗೂದಿದ್ರ ಹೇಳ, ಬರ್ತೇನಿ. ಸುಮ್ನ ಮ್ಯಾಲ ತಿರಗೂದಿದ್ರ ಒಲ್ಲೆ."

ಡಬ್ಬಿಯೊಳಗಿದ್ದ ಅಂಟಿನ ಕೊಳವೆ ಒಣಗಿಹೋಗಿತ್ತು. ಅಪ್ಪ ಡ್ರಿಪ್ಪಿನ ಪೈಪಿಗೆಂದು ತಂದ ಗಮ್ಮು ತೆರೆದ. "ನೀರ ಸೋರಲಾರದಂಗ ಹಿಡಿತೈತಿ ಇದು. ಗಾಳಿ ಸೋರೀತೇನು?" ಎನ್ನುತ್ತ ವಿಮಾನದ ಮೂತಿಗೆ ಧಾರಾಳವಾಗಿ ಬಳಿದ. ನಾವು ನೋಡನೋಡುತ್ತಿದ್ದಂತೆ ಬಿಸಿ ಅನ್ನದ ಮೇಲಿನ ತುಪ್ಪದ ಹಾಗೆ ಆ ಮೂತಿ ಕರಗಿ ಒಳಗೊಳಗೇ ಕುಸಿಯಿತು. "ದೊಡ್ಡಪ್ಪಾ, ಅದರ ಮೂಗ ಹೋತು!" ಎಂದು ಪದ್ದಕ್ಕ ಚೀರಿದಳು. ಆಮೇಲೆ ಕಾಕಾ ನಗಲು ಶುರುಮಾಡಿದ. ಅವನ ನಗು ಅಪ್ಪನಿಗೆ ಹತ್ತಿತು, ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಕೈ ಹಾಕಿ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರಿಬ್ಬರೂ ಹಾಗೆ ಕೂಡಿ ನಕ್ಕದ್ದು ನನಗೆ ನೆನಪಿರುವುದು ಅದೊಂದೇ. ಟಿವಿ ಬಂದ ಪೆಟ್ಟಿಗೆಯ ಥರ್ಮೋಕೋಲಿನಲ್ಲಿ ಅಪ್ಪ ಹೊಸ ಮೂಗು ಕೆತ್ತಿದ. ಅದು ತುಸು ಎಡಕ್ಕೆ ಸೊಟ್ಟಗಾಯಿತು. "ಅದಕ್ಕೂ ನಿನ್ನ ಮೂಗ ಬಂತಲ್ಲೋ," ಅಂದಳು ಆಯಿ.

ನಮ್ಮ ಹೊಲದ ಒಂದು ಅಂಚು ಸವಳು ಬಿದ್ದು ಪಾಳಾಗಿತ್ತು. ನೆಲದ ಮೇಲೆ ಉಪ್ಪು ಎದ್ದು ಬೆಳ್ಳಗೆ ಹೊಳೆಯುವ ಆ ಬಯಲೇ ನಮ್ಮ ವಿಮಾನ ನಿಲ್ದಾಣ. ನಾನು ಓಡಿ ಹೋಗಿ ವಿಮಾನವನ್ನು ಗಾಳಿಗೆ ತೂರಬೇಕು, ಪದ್ದಕ್ಕ ಹಾರಿಸಬೇಕು. ಯಾರೂ ಹೀಗೆ ಹಂಚಿಕೊಟ್ಟದ್ದಲ್ಲ, ತಾನಾಗಿ ಹಾಗಾಯಿತು. ನನ್ನ ಕೈ ಸ್ಕ್ರೂ, ತಂತಿ, ಅಂಟು ಎಂದರೆ ಬಿಡುತ್ತಿರಲಿಲ್ಲ. ರಿಮೋಟಿನ ಕಡ್ಡಿ ಹಿಡಿದರೆ ಮಾತ್ರ ಹೆಬ್ಬೆರಳು ಕಲ್ಲಾಗುತ್ತಿತ್ತು. ಅವಳಿಗೋ ಸ್ಕ್ರೂ ಎತ್ತ ತಿರುಗಿಸಬೇಕೆಂಬುದೂ ಗೊತ್ತಿಲ್ಲ, ಆದರೆ ಆ ಸೊಟ್ಟ ಮೂಗಿನ ವಿಮಾನವನ್ನು ಕಬ್ಬಿನ ತುದಿ ಸವರಿಸಿಕೊಂಡು ತಂದು ನನ್ನ ಕಾಲ ಬುಡಕ್ಕೆ ಇಳಿಸುತ್ತಿದ್ದಳು. "ಓಡಲೇ ಬಾಳ್ಯಾ, ಎಮ್ಮಿ ಹಂಗ ನಡಿಬ್ಯಾಡ!" ಎಂದು ಅವಳು ಹಿಂದಿನಿಂದ ಕೂಗುತ್ತಿದ್ದುದು ಈಗಲೂ ಕೇಳಿಸುತ್ತದೆ. ಬಿದ್ದಾಗ ಮುರಿದದ್ದನ್ನು ಮೊದಲಿಗಿಂತ ಗಟ್ಟಿಮಾಡುವುದು ನನ್ನ ಹಟ. ರೆಕ್ಕೆಯೊಳಗೆ ಮುರಿದ ಛತ್ರಿಯ ಕಡ್ಡಿ ಸೇರಿಸಿದೆ. ಪ್ಲಾಸ್ಟಿಕ್ಕಿನ ಕೊಂಡಿಗಳನ್ನು ಕಿತ್ತು ಸೈಕಲ್ ಸ್ಪೋಕು ಬಗ್ಗಿಸಿ ಹಾಕಿದೆ. ಉಪ್ಪುನೆಲಕ್ಕೆ ಉಜ್ಜಿ ಸವೆಯದಂತೆ ಹೊಟ್ಟೆಗೆ ಟೇಪು ಸುತ್ತಿದೆ.

ಆ ಮಳೆಗಾಲ ಕಳೆಯುವುದರೊಳಗೆ ಮನೆ ಎರಡಾಯಿತು. ಬಾವಿಯ ನೀರಿನ ಪಾಳಿಯಿಂದ ಎದ್ದ ಜಗಳ ಅಂತಾರೆ, ಅದೊಂದೇ ಇರಲಿಕ್ಕಿಲ್ಲ. ಇಂಥ ಜಗಳ ನಿಮ್ಮ ಮನೆಯಲ್ಲೂ ಆಗಿದ್ದರೆ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಗವಾಡದಿಂದ ಆಯಿಯ ತಮ್ಮ, ನಾವೆಲ್ಲ ಅಜ್ಜ ಎನ್ನುತ್ತಿದ್ದ ಹಿರಿಯ, ಆಸ್ತಿಯ ವಾಟಣಿ ಮಾಡಿಸಲು ಬಂದು ಪಡಸಾಲೆಯಲ್ಲಿ ಕೂತ. ನಮ್ಮ ಕಡೆಯ ಪದ್ಧತಿಯಂತೆ ಅಣ್ಣ ಎರಡು ಪಾಲು ಹಚ್ಚಬೇಕು, ತಮ್ಮ ತನಗೆ ಬೇಕಾದದ್ದನ್ನು ಆರಿಸಿಕೊಳ್ಳಬೇಕು. ಹೊಲ, ಎತ್ತು, ಹಂಡೆ, ಬಿಂದಿಗೆ ಎಲ್ಲ ಹಾಗೇ ಆಯಿತು. ಆಯಿಯೂ ಪಾಲಾದಳು. ಒಂದು ತಿಂಗಳು ಇತ್ತ, ಒಂದು ತಿಂಗಳು ಅತ್ತ. ಕಟ್ಟಕಡೆಗೆ ಮೂಲೆಯಲ್ಲಿದ್ದ ವಿಮಾನ ಅಜ್ಜನ ಕಣ್ಣಿಗೆ ಬಿತ್ತು. "ಇದ್ಯಾರದು?" ಎಂದು ಕೇಳಿದ. ಇಬ್ಬರದೂ ಅಂದೆವು. ಅಜ್ಜ ವಿಮಾನವನ್ನೊಮ್ಮೆ, ರಿಮೋಟನ್ನೊಮ್ಮೆ ಎತ್ತಿ ನೋಡಿದ. ಅವನ ಮುಖದಲ್ಲಿ ಆ ದಿನ ಮೊದಲ ಸಲ ಸಮಾಧಾನ ಕಂಡಿತು. "ಎರಡ ವಸ್ತು ಅದಾವ, ಎರಡ ಮಕ್ಕಳದಾವ. ಇದರಾಗ ತಂಟೇನ ಇಲ್ಲಲ್ಲಪಾ!" ಎಂದು ವಿಮಾನ ನನಗೆ, ರಿಮೋಟು ಪದ್ದಕ್ಕನಿಗೆ ಕೊಟ್ಟ. ಬೇರೆ ಎಲ್ಲದಕ್ಕೂ ವಾದ ಹೂಡಿದ್ದ ದೊಡ್ಡವರು ಇದಕ್ಕೆ ಮಾತ್ರ ಒಕ್ಕೊರಲಿನಿಂದ ಹೂಂ ಅಂದರು. ಒಂದಿಲ್ಲದೆ ಇನ್ನೊಂದು ಏನಕ್ಕೂ ಬಾರದೆಂದು ಹೇಳುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ. ಅದೇ ವಾರ ಪಡಸಾಲೆಯಿಂದ ಹಿತ್ತಿಲಿನವರೆಗೆ ಗಿಲಾವು ಕಾಣದ ಇಟ್ಟಂಗಿಯ ಗೋಡೆ ಎದ್ದಿತು. ಕಾಳಿನ ಕೋಣೆಯೂ ನಡುವೆ ಸೀಳಿ ಅರ್ಧ ನಮಗೆ ಬಂತು, ಅರ್ಧ ಅವರಿಗೆ ಹೋಯಿತು. ಮಕ್ಕಳು ಮಾತಾಡಿಕೊಂಡರೆ ಮನೆಯ ಸುದ್ದಿ ಹರಿದಾಡುತ್ತದೆಂದು ಕಾಕಿ ಪದ್ದಕ್ಕನಿಂದ ನನ್ನ ಜೊತೆ ಮಾತಾಡುವುದಿಲ್ಲವೆಂದು ಆಯಿಯ ತಲೆಯ ಮೇಲೆ ಆಣೆ ಮಾಡಿಸಿದಳು. ಕೇಳಿ ನಮ್ಮವ್ವನೂ ನನ್ನಿಂದ ಮಾಡಿಸಿದಳು.

ಹೊತ್ತು ಮುಳುಗುವ ಮೊದಲೇ ಉಣ್ಣುವ ಜೈನರ ಮನೆ ನಮ್ಮದು. ಊಟ ಮುಗಿದು, ಪಾತ್ರೆ ತೊಳೆದು, ಒಲೆ ಆರಿದ ಮೇಲೂ ಹೊರಗೆ ಇನ್ನೂ ಬೆಳಕಿರುತ್ತಿತ್ತು. ಮೊದಲೆಲ್ಲ ಆ ಬೆಳಕು ನಮಗೆ ಸಾಲುತ್ತಲೇ ಇರಲಿಲ್ಲ. ಈಗ ಅದು ಮುಗಿಯುತ್ತಲೇ ಇರಲಿಲ್ಲ. ಅಂಥದೊಂದು ಸಂಜೆ ಕಾಳಿನ ಕೋಣೆಯಲ್ಲಿ ಒಬ್ಬನೇ ಕೂತು ಬರೀ ಸದ್ದು ಕೇಳುವ ಆಸೆಯಿಂದ ವಿಮಾನಕ್ಕೆ ಬ್ಯಾಟರಿ ಹಚ್ಚಿದೆ. ರಿಮೋಟು ಚಾಲೂ ಇಲ್ಲದಿದ್ದರೆ ಅದು ಕಾಯುತ್ತ, ಬಿಟ್ಟು ಬಿಟ್ಟು ಪೀಂ... ಪೀಂ... ಎನ್ನುತ್ತಿರುತ್ತದೆ. ತಾಯಿಯನ್ನು ಕಳೆದುಕೊಂಡ ಮರಿಯ ಹಾಗೆ ಅನ್ನುತ್ತಲೇ ಇತ್ತು. ಇನ್ನೇನು ವೈರು ಕೀಳಬೇಕು, ಅಷ್ಟರಲ್ಲಿ ಆ ದನಿ ಥಟ್ಟನೆ ಬದಲಾಗಿ ಪಿಂ ಪಿಂ ಪಿಂ ಎಂದು ಚುರುಕಾಗಿ ನುಡಿದು ಸುಮ್ಮನಾಯಿತು. ನಾನು ಮುಟ್ಟಿರಲಿಲ್ಲ. ಎಡ ರೆಕ್ಕೆಯ ಪಟ್ಟಿ ಮೆಲ್ಲಗೆ ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು. ಬಾಲದ ಪಟ್ಟಿ ಹೌದೆನ್ನುವಂತೆ ತಲೆದೂಗಿತು. ಗೋಡೆಯ ಆಚೆಗೆ, ಅವರ ಪಾಲಿನ ಅರ್ಧ ಕೋಣೆಯಲ್ಲಿ, ಪದ್ದಕ್ಕ ಸದ್ದು ಕೇಳಿ ರಿಮೋಟು ಹಚ್ಚಿದ್ದಳು. ಅಜ್ಜ ಎಲ್ಲವನ್ನೂ ಹಂಚಿದ್ದ, ಗಾಳಿಯಲ್ಲಿ ಹಾಯುವುದನ್ನು ಹಂಚುವುದು ಅವನಿಗೆ ಹೊಳೆದಿರಲಿಲ್ಲ.

ಅಂದಿನಿಂದ ಉಂಡ ಕೂಡಲೇ ಕಾಳಿನ ಕೋಣೆ. ನಾನು ಬ್ಯಾಟರಿ ಹಚ್ಚುವುದು, ಅದು ಕಾಯುವುದು, ಅವಳು ಬರುವುದು. ತನ್ನ ಕಡ್ಡಿ ಏನನ್ನು ಆಡಿಸುತ್ತಿದೆಯೆಂದು ಅವಳಿಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತಷ್ಟೆ. ಖುಷಿಯಲ್ಲಿದ್ದರೆ ರೆಕ್ಕೆಗಳು ಪಟಪಟನೆ ಬಡಿಯುತ್ತಿದ್ದವು. ಬೈಸಿಕೊಂಡಿದ್ದರೆ ಬಾಲ ಬಹಳ ಹೊತ್ತು ಕೆಳಗೇ ಇರುತ್ತಿತ್ತು. ಕೊನೆಗೆ ಪಂಖಾವನ್ನು ಒಂದು ಚಣ ತಿರುಗಿಸಿ ನಿಲ್ಲಿಸಿದಳೆಂದರೆ ಇವತ್ತಿಗೆ ಸಾಕು, ಮಲಗು ಎಂದರ್ಥ. ಆ ಗಾಳಿ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಹಾರಲಾರದ ಆ ವಿಮಾನವನ್ನು ನಾನು ಸುಧಾರಿಸುತ್ತಲೇ ಹೋದೆ. ಮಿರಜದಿಂದ ಹೆಚ್ಚು ಎಲೆಗಳ ಪಂಖಾ ತರಿಸಿ ಕೂರಿಸಿದೆ. ಮಿಕ್ಸರಿನಂತೆ ಕಿರುಚುತ್ತಿದ್ದ ಸದ್ದು ಹೋಗಿ, ದೂರದ ರೈಲಿನಂಥ ತುಂಬು ದನಿ ಬಂತು. ಅದನ್ನು ಮೊದಲ ಸಲ ತಿರುಗಿಸಿದ ಸಂಜೆ ಆಚೆಯಿಂದ "ಅಬ್ಬಬ್ಬಾ!" ಎಂಬುದು ಕೇಳಿಸಿತು. ಮರುಗಳಿಗೆಗೆ ಬಾಯಿ ಮುಚ್ಚಿಕೊಂಡಿರಬೇಕು.

ನಾನು ದಿನಾ ಸಂಜೆ ಕತ್ತಲ ಕೋಣೆಯಲ್ಲಿ ಹಾರದ ವಿಮಾನದ ಮುಂದೆ ಕೂತಿರುವುದನ್ನು ಅಪ್ಪ ನೋಡುತ್ತಿದ್ದ. ಅವನಿಗೆ ಅದರ ಒಳಗುಟ್ಟು ತಿಳಿಯದು. ಒಬ್ಬನೇ ಮಗ ಒಬ್ಬಂಟಿಯಾದನೆಂದು ಅಂದುಕೊಂಡಿರಬೇಕು. ಒಂದು ದಿನ ನಾನು ಶಾಲೆಗೆ ಹೋದಾಗ ವಿಮಾನವನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಕೊಲ್ಲಾಪುರದ ಬಸ್ಸು ಹತ್ತಿದ. ನಾನು ಬರುವ ಹೊತ್ತಿಗೆ ಪಡಸಾಲೆಯಲ್ಲಿ ಹೊಚ್ಚ ಹೊಸ ರಿಮೋಟಿನ ಜೊತೆ ಕೂತಿದ್ದ. "ಅಂಗಡ್ಯಾವ ಎಲ್ಲಾ ಜೋಡಿಸಿ ಕೊಟ್ಟಾನ. ಇನ್ನ ಇದು ಹಳೇ ರಿಮೋಟಿನ ಮಾತ ಕೇಳೂದಿಲ್ಲಂತ. ಇದರದ ಅಷ್ಟ ಕೇಳತೈತಿ," ಎಂದು ಬಟನ್ನು ಒತ್ತಿ ತೋರಿಸಿದ. ರೆಕ್ಕೆಗಳು ಬಡಿದವು. "ಯಾರ ಹಂಗೂ ಬ್ಯಾಡ ನಿನಗ." ಅವನ ಮುಖ ಹಬ್ಬದಂತೆ ಬೆಳಗುತ್ತಿತ್ತು. ನಾನು ನಕ್ಕೆ. ಬೇರೇನು ಮಾಡಲಿ, ಬಸ್ಸಿನಲ್ಲಿ ಅಷ್ಟು ದೂರ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋಗಿ ಬಂದಿದ್ದ.

ಅಂದು ಸಂಜೆಯೂ ಕಾಳಿನ ಕೋಣೆಯಲ್ಲಿ ಬ್ಯಾಟರಿ ಹಚ್ಚಿದೆ. ಪೀಂ... ಪೀಂ... ಆಚೆ ಹೆಜ್ಜೆಯ ಸದ್ದು ಬಂತು. ರಿಮೋಟಿನ ಗುಂಡಿ ಕಟಕ್ಕೆಂದದ್ದೂ ಕೇಳಿದಂತಾಯಿತು. ಆದರೆ ವಿಮಾನ ಕಾಯುತ್ತಲೇ ಇತ್ತು. ಕಟಕ್, ಮತ್ತೆ ಕಟಕ್. ಪೀಂ... ಪೀಂ... ತಡೆಯಲಾರದೆ ನಾನೇ ಹೊಸ ರಿಮೋಟು ಹಚ್ಚಿದೆ. ವಿಮಾನ ಸುಮ್ಮನಾಯಿತು. ಅವಳು ಮಾಡುತ್ತಿದ್ದಂತೆಯೇ ರೆಕ್ಕೆ ಬಡಿಸಿದೆ, ಪಂಖಾವನ್ನು ಒಂದು ಚಣ ತಿರುಗಿಸಿ ನಿಲ್ಲಿಸಿದೆ. ಅದು ತನ್ನ ಕೈಯಿಂದಲೇ ಆಯಿತೆಂದು ಅವಳು ತಿಳಿದುಕೊಳ್ಳಲಿ ಎಂಬ ಆಸೆ. ಆಚೆ ಕಟಕ್ ಸದ್ದು ನಿಂತಿತು. ಆ ತಿಂಗಳು ಆಯಿ ಅವರ ಪಾಲಿಗಿದ್ದಳು. ಪದ್ದಕ್ಕನ ದನಿ ಬಂತು, ಎಷ್ಟೋ ತಿಂಗಳ ಮೇಲೆ, ಬೇಕೆಂದೇ ಎತ್ತರಿಸಿದ ದನಿ. "ಆಯೀ, ಆ ಕಡೆ ಹೊಸಾ ರಿಮೋಟ ಬಂದಂಗ ಕಾಣತೈತಿ."

"ಬಂದ್ರ ಬರ್ಲಿ ಬಿಡ."

"ಹಂಗಲ್ಲ. ಅಷ್ಟ ದೊಡ್ಡ ಪಂಖಾ ಹಾಕ್ಯಾರ, ಕ್ವಾಣ್ಯಾಗ ಇಟ್ಕೊಂಡ ಏನ್ ಮಾಡ್ತಾರ? ಹಾರಸಬೇಕಂತ ಹೇಳ."

ಆಯಿ ಗೋಡೆಯ ಹತ್ತಿರ ಬಂದು, "ಏ ಬಾಳ್ಯಾ, ಹಾರಸಬೇಕಂತಪಾ," ಅಂದಳು.

ಆ ಭಾನುವಾರ ಅಪ್ಪ ಮತ್ತು ನಾನು ಸವಳಿನ ಹೊಲಕ್ಕೆ ಹೋದೆವು. ಅಪ್ಪ ಓಡಿ ವಿಮಾನ ತೂರಿದ. ಹೊಸ ಪಂಖಾದ ಜೋರಿಗೆ ಅದು ಬಾಣದಂತೆ ಮೇಲೇರಿತು. ಅಷ್ಟು ಎತ್ತರ ಅದು ಎಂದೂ ಹೋಗಿರಲಿಲ್ಲ. ಕೆಳಗೆ ನನ್ನ ಹೆಬ್ಬೆರಳುಗಳು ಕಲ್ಲಾದವು. ಅದು ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದೆ ಎಡಕ್ಕೆಂದು ಬಲಕ್ಕೆ ತಿರುಗಿಸಿದೆ. ಬಿಳಿ ಚುಕ್ಕೆ ಕೃಷ್ಣೆಯ ದಿಕ್ಕಿಗೆ ಜಾರುತ್ತ ಜಾರುತ್ತ ಆಳೆತ್ತರದ ಕಬ್ಬಿನೊಳಗೆ ಮುಳುಗಿತು. ನಾನು ಓಡಿದೆ. ಬದುವಿನ ಹತ್ತಿರ ಅಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದ. "ನಿಂದರು. ಅದು ಅವರ ಪಾಲಿನ ಕಬ್ಬು," ಅಂದ. ಕತ್ತಲಾಗುವವರೆಗೆ ಇಬ್ಬರೂ ಬದುವಿನ ಮೇಲೆ ನಿಂತಿದ್ದು ಮನೆಗೆ ಬಂದೆವು.

ಎರಡು ದಿನ ಬಿಟ್ಟು ಶಾಲೆಯ ದಾರಿಯಲ್ಲಿ ಪದ್ದಕ್ಕ ಎದುರಾದಳು. ಕಾಕಿ ಜೊತೆಗಿದ್ದಳು. ಪದ್ದಕ್ಕನ ಎರಡೂ ತೋಳುಗಳ ತುಂಬ ಕಬ್ಬಿನ ಗರಿ ಕೊಯ್ದ ಕೆಂಪು ಗೀರುಗಳಿದ್ದವು. ನನ್ನನ್ನು ನೋಡಿ ಅವಳು ಬರಿದಾದ ಅಂಗೈಗಳನ್ನು ತುಸುವೇ ಅಗಲಿಸಿ ತೋರಿಸಿ ಮುಂದೆ ಹೋದಳು. ಮುಂದೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿದ ಒಣಗರಿಯ ರವದಿಗೆ ಬೆಂಕಿ ಹಚ್ಚಿದರು. ವಿಮಾನ ಅದರಲ್ಲಿತ್ತೋ ಏನೋ.

ಬೇಸಿಗೆಯಲ್ಲಿ ಕಾಕಾ ತನ್ನ ಪಾಲು ಮಾರಿ ಜಯಸಿಂಗಪುರಕ್ಕೆ ಹೊರಟ. ಸಾಮಾನು ತುಂಬಿದ ಟೆಂಪೋ ಬಾಗಿಲ ಮುಂದೆ ನಿಂತಿತ್ತು. ಅಪ್ಪ ಹೊರಗೆ ಬರಲಿಲ್ಲ. ಆ ತಿಂಗಳು ನಮ್ಮ ಪಾಲಿಗಿದ್ದ ಆಯಿ ನನ್ನ ಹೆಗಲು ಹಿಡಿದು ಕಟ್ಟೆಯ ಮೇಲೆ ನಿಂತಿದ್ದಳು. ಪದ್ದಕ್ಕ ಡ್ರೈವರನ ಹಿಂದಿನ ಸೀಟಿನಿಂದ ತಲೆ ಹೊರಹಾಕಿ, ಓಣಿಗೆಲ್ಲ ಕೇಳುವಂತೆ, "ಆಯೀ, ಹೋಗಿ ಬರ್ತೇನಿ ಅಂತ ಹೇಳ," ಅಂದಳು.

ಆಯಿ ನನ್ನ ಹೆಗಲು ಅದುಮಿದಳು. "ನನ್ನ ತಲೀಗೆ ಏನೂ ಆಗೂದಿಲ್ಲ. ಹೋಗಿ ಬಾ ಅನ್ನೋ," ಅಂದಳು.

"ಹೋಗಿ ಬಾ ಪದ್ದಕ್ಕಾ," ಅಂದೆ. ಟೆಂಪೋ ಆಗಲೇ ಹೊರಟಿತ್ತು.