ಟಂಕವೂ ಆತಂಕವೂ

ಬೆಳ್ಳಿಯ ನಾಣ್ಯವೊಂದು ಹಲವು ದಶಕ ಯಾರ ಕೈಗೂ ಸಿಗದೆ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿದ್ದರೆ ತಾನಾಗಿಯೇ ಬಣ್ಣ ಕಟ್ಟುತ್ತದೆ: ಅಂಚಿನಲ್ಲಿ ನವಿಲುಗತ್ತಿನ ನೀಲಿ, ಒಳಗೆ ಸರಿದಂತೆ ಕುಂಕುಮದ ಕೆಂಪು, ನಡುವೆ ಜೇನಿನ ಹೊಂಬಣ್ಣ. ಇದನ್ನು ನೀವು ಕೊಳೆ ಎಂದರೆ ನಾನು ಜಗಳಕ್ಕೆ ಬರುವುದಿಲ್ಲ. ಹಾಗೆನ್ನುವವರು ನನ್ನ ಮನೆಯಲ್ಲೇ ಬಹುಮತದಲ್ಲಿದ್ದಾರೆ.

ಟಂಕಸಾಲೆಯವರು ಜೋಡಿಸಿಕೊಟ್ಟ ಪೆಟ್ಟಿಗೆಯಲ್ಲೇ ಉಳಿದ ಹಳೆಯ ನಾಣ್ಯಗಳ ಸೆಟ್ಟುಗಳನ್ನು ಸಂಗ್ರಹಿಸುವುದು ಮುಧೋಳದ ಸಂಸ್ಕೃತ ಮಾಸ್ತರನಾದ ನನ್ನ ಹವ್ಯಾಸ. ಟಂಕವೆಂದರೆ ನಾಣ್ಯವೆಂದು ಮಕ್ಕಳಿಗೆ ವರ್ಷಾನುಗಟ್ಟಲೆ ಕಲಿಸಿದೆ. ಟಂಕದ ಬೆನ್ನಿಗೇ ಆತಂಕವೂ ಮನೆಗೆ ಬರುತ್ತದೆಂದು ನಾನು ಕಲಿತದ್ದು ಮಾತ್ರ ತಡವಾಗಿ. ಮಳೆಗಾಲದ ತೇವ, ಬೆರಳಿನ ಬೆವರು, ನನ್ನದೇ ಉಸಿರು, ಎಲ್ಲಕ್ಕೂ ಅಂಜುತ್ತಿದ್ದ ನಾನು ಅವ್ವನಿಗೆ ಅಂಜಬೇಕೆಂದು ಎಣಿಸಿರಲಿಲ್ಲ.

ಈ ಸಲ ದೀಪಾವಳಿಗೆ ನಾಲ್ಕು ದಿನವಿದ್ದಾಗ ಲೋಕಾಪುರದ ಗೆಳೆಯನ ಮನೆಯ ವಾಸ್ತುಶಾಂತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತಿದ್ದೆ. ಹೆಂಡತಿಯ ಫೋನು ಬಂತು.

"ಏನ್ರೀ, ನಾ ಪ್ಯಾಟಿಗಿ ಬಂದೇನಿ. ಮನ್ಯಾಗ ಅತ್ತಿಯವ್ರು ದೇವರ ಸಾಮಾನ ತಿಕ್ಕಾಕತ್ತಾರ. ನಿಮ್ಮ ಕಪಾಟಿನ್ಯಾಗಿನ ನಾಣ್ಯದ ಪೆಟ್ಟಿಗೀನೂ ತಗದಿದ್ರು. ಎಲ್ಲಾ ಕಪ್ಪಾಗ್ಯಾವಂತ."

ನಮ್ಮ ಮನೆಯಲ್ಲಿ ಬೆಳ್ಳಿಯನ್ನು ತಿಕ್ಕುವುದು ವಿಭೂತಿಯಿಂದ. ಅವ್ವನ ಕೈಯಲ್ಲಿ ಲಿಂಗದ ಬೆಳ್ಳಿ ಕರಡಿಗೆ ಹುಣ್ಣಿಮೆಯ ಚಂದ್ರನಾಗುತ್ತದೆ; ನಾಣ್ಯವಾದರೆ ಬಣ್ಣ ಕಳೆದುಕೊಳ್ಳುತ್ತದೆ. ಅವ್ವನ ಹತ್ತಿರ ಮೊಬೈಲಿಲ್ಲ. ಹೋಳಿಗೆ ಎಲೆಯಲ್ಲೇ ಉಳಿಯಿತು.

ಬಸ್ಸಿನ ಮುಂದೆ ಎರಡೆರಡು ಟ್ರೇಲರು ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು. ನಾನು ಕೂಡುವುದು, ಏಳುವುದು, ಕಿಟಕಿಯಿಂದ ಇಣುಕುವುದು ನೋಡಿ ಕಂಡಕ್ಟರ್ ಹತ್ತಿರ ಬಂದ.

"ಯಾಕ್ರಿ ಸರ, ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?"

"ಹೌದ್ರಿ," ಎಂದುಬಿಟ್ಟೆ. ಪಾಪ, ನಮ್ಮ ಓಣಿಯ ತಿರುವಿನಲ್ಲೇ ಬಸ್ಸು ನಿಲ್ಲಿಸಿ, "ದೇವರ ಅದಾನ, ಹೋಗ್ರಿ," ಎಂದ. ನಾಚಿಕೆಯಾಯಿತು, ಆದರೂ ಓಡಿದೆ.

ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಮಗ್ಗುಲಲ್ಲಿ ತಟ್ಟೆ ತುಂಬ ವಿಭೂತಿ. ಪೆಟ್ಟಿಗೆ ತೆರೆದಿತ್ತು. ಸೆಟ್ಟಿನ ದೊಡ್ಡ ಬೆಳ್ಳಿಯ ಹತ್ತು ರೂಪಾಯಿ ನಾಣ್ಯ ಬೆಳ್ಳಗೆ, ಬೋಳಾಗಿ ಹೊಳೆಯುತ್ತಿತ್ತು.

"ಉಳದವು, ಅವ್ವಾ?"

"ತಿಕ್ಕಿಲ್ಲಪಾ. ಎರಡನೇದನ್ನ ಬಿಸಲಿಗಿ ಹಿಡದೆ. ಎಷ್ಟ ಬಣ್ಣ! ಇದು ಹೊಲಸಲ್ಲ ಅನಸ್ತು, ಇಟ್ಟಬಿಟ್ಟೆ." ಆಮೇಲೆ ನನ್ನ ಮುಖ ನೋಡಿದಳು. "ಇದಕ್ಕೂ ಹಂಗ ಬಣ್ಣ ಇತ್ತೇನ?"

"ಇಲ್ಲವ್ವ."

"ಖರೆ ಹೇಳೋ."

"ಇತ್ತವ್ವ."

ಅವ್ವ ನಾಣ್ಯದ ಮೇಲಿನ ಬೂದಿಯನ್ನು ಸೆರಗಿನ ತುದಿಯಿಂದ ಒರೆಸಲು ಹೋಗಿ, ಏನೋ ನೆನಪಾದಂತೆ ಕೈ ತಡೆದು, ಮೆಲ್ಲಗೆ ಊದಿದಳು.

"ಮತ್ತ ಯಾವಾಗ ಬರ್ತೈತಿ ಬಣ್ಣ?"

"ಮೂವತ್ತ ವರ್ಷಾದ್ರೂ ಬೇಕು."

ಅವಳು ಕಣ್ಣೀರು ಹಾಕಿಯಾಳೆಂದು ಹೆದರಿದೆ. ಅವಳು ಅದನ್ನು ಅದರ ಗುಳಿಯಲ್ಲಿ ಕೂರಿಸಿ ಮುಚ್ಚಳ ಹಾಕಿದಳು. "ಆತ್ ತಗೋ. ಕಾಯೋಣ," ಎಂದಳು.

ಅವ್ವನಿಗೆ ಈಗ ಎಂಬತ್ತೆರಡು. ಅಮಾವಾಸ್ಯೆಗೊಮ್ಮೆ ಪೆಟ್ಟಿಗೆ ತರಿಸಿಕೊಂಡು, ನಾಣ್ಯವನ್ನು ಅಂಚು ಹಿಡಿದು ಬಿಸಿಲಿಗೆ ಎತ್ತಿ, "ಬಣ್ಣ ಇನ್ನೂ ಹತ್ತಿಲ್ಲಪಾ," ಎನ್ನುತ್ತಾಳೆ, ಒಂದಿಷ್ಟೂ ಅವಸರವಿಲ್ಲದೆ. ಬಣ್ಣ ಎಲ್ಲಿ ಹೋದೀತೋ ಎಂದು ಇಷ್ಟು ವರ್ಷ ಅಂಜುತ್ತಿದ್ದವನು, ಈಗ ಅವಳ ಪಕ್ಕದಲ್ಲಿ ಕೂತು, ಅದು ಬರಲು ಎಷ್ಟು ತಡಮಾಡೀತೋ ಎಂದು ಅಂಜುತ್ತೇನೆ.